ಬರೀ ಗಾಳಿಗೆ ಅಷ್ಟು ದೊಡ್ಡ ಸೇತುವೆ ಬೀಳುತ್ತಾ?

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ: ಹರಿಹರದ ತುಂಗಭದ್ರಾ ಸೇತುವೆಗೆ ಎಂಥ ಗಾಳಿ ಬಂದರೂ ಏನೂ ಆಗಲ್ಲ. ಅಮೆರಿಕದಲ್ಲಿ ಒಂದು ತೂಗುಸೇತುವೆ ಗಾಳಿಗೇ ಮುರಿದು ಬಿತ್ತಂತೆ. ಗಟ್ಟಿಯಾಗಿ ಕಟ್ಟಿರಲಿಲ್ವಾ?

ಗಟ್ಟಿಯಾಗಿಯೇ ಕಟ್ಟಿದ್ದರು. ಹರಿಹರದಲ್ಲಿ ಕಂಬಗಳು ಹತ್ತಿರ ಹತ್ತಿರ ಇವೆ, ಹಾಗಾಗಿ ಅಲ್ಲಿ ಲಾರಿಗಳ ಭಾರ, ಹೊಳೆಯ ಸೆಳೆತ, ಇವುಗಳದ್ದೇ ಚಿಂತೆ. ನೀವು ಕೇಳಿದ ಅಮೆರಿಕದ ತೂಗುಸೇತುವೆ ಟಕೋಮಾದ್ದು, ಅದರಲ್ಲಿ ಎರಡು ಗೋಪುರಗಳ ನಡುವೆ 853 ಮೀಟರ್ ಇತ್ತು. ಅಗಲ ಮಾತ್ರ 12 ಮೀಟರ್. 1940ರ ಜುಲೈನಲ್ಲಿ ಓಡಾಟ ಶುರುವಾಯಿತು, ನವೆಂಬರ್ 7ಕ್ಕೆ ಬಿತ್ತು. ಅವತ್ತಿನ ಗಾಳಿ ಗಂಟೆಗೆ ಸುಮಾರು 65 ಕಿ.ಮೀ. ಅಷ್ಟೇ! ಇದಕ್ಕಿಂತ ಎಷ್ಟೋ ಜಾಸ್ತಿ ಗಾಳಿಗೆ ಲೆಕ್ಕ ಹಾಕಿದ್ದರು. ಆದರೆ ಗಾಳಿ ಪಕ್ಕಕ್ಕೆ ತಳ್ಳುವುದನ್ನಷ್ಟೇ ಲೆಕ್ಕ ಹಿಡಿದಿದ್ದರು, ಅದು ಸೇತುವೆಯನ್ನು ಕುಣಿಸಬಹುದು, ತಿರುಚಬಹುದು ಅನ್ನುವುದನ್ನು ಯಾರೂ ನೋಡಿರಲಿಲ್ಲ.

ಗಾಳಿ ಏನನ್ನಾದರೂ ದಾಟಿ ಹೋಗುವಾಗ ಅದರ ಹಿಂದೆ ಸುಳಿಗಳು ಏಳುತ್ತವೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಚಿತ್ರದುರ್ಗದ ಬಯಲಲ್ಲಿ ಕರೆಂಟ್ ತಂತಿ ಗುಂಯ್ ಅನ್ನುವುದು ಇದರಿಂದಲೇ. ಹೈಟೆನ್ಷನ್ ಲೈನನ್ನು ಒಮ್ಮೆ ಗಮನಿಸಿ. ಟವರ್ ಹತ್ತಿರ ತಂತಿಗೆ ಎರಡೂ ತುದಿಯಲ್ಲಿ ತೂಕವಿರುವ ಚಿಕ್ಕ ಡಂಬೆಲ್ ನೇತುಹಾಕಿರುತ್ತಾರೆ, ನಡುಕ ಹೀರಿಕೊಳ್ಳಲಿ ಅಂತ.

ಟಕೋಮಾ ಕೂಡ ಮೊದಲ ದಿನಗಳಿಂದಲೇ ಮೇಲೆ ಕೆಳಗೆ ಕುಣಿಯುತ್ತಿತ್ತು. ಕೊನೆಗೆ ಬೀಳಿಸಿದ್ದು ಮಾತ್ರ ಬೇರೆಯೇ. ಇದನ್ನು ಸುಮ್ನೆ ಅನುರಣನೆ (ಹೊರಗಿನ ತಳ್ಳಾಟದ ತಾಳ ಸೇತುವೆಯ ಸಹಜ ತಾಳಕ್ಕೆ ಕೂಡಿ ಓಲಾಟ ಹೆಚ್ಚುವುದು) ಅಂತ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ರಸ್ತೆ ಒಂಚೂರು ತಿರುಚಿಕೊಂಡಿತು, ಗಾಳಿ ತಾಗುವ ಕೋನ ಬದಲಾಯಿತು, ಅದರಿಂದ ಇನ್ನಷ್ಟು ತಿರುಚಿತು, ಹೀಗೆ ಪ್ರತಿ ಸುತ್ತಿಗೂ ಹೆಚ್ಚುತ್ತಾ ಹೋಯಿತು. ಗಾಳಿ ತಾಳ ಹಿಡಿದು ಬೀಸಬೇಕಿಲ್ಲ. ಒಂದೇ ಸಮ ಬೀಸಿದರೂ ಸಾಕು, ಸೇತುವೆ ತನ್ನ ಓಲಾಟದಿಂದಲೇ ಗಾಳಿಯ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ಇದೇ ಫ್ಲಟರ್.

ಹಾಗಾಗಿ ಈಗ ಆಕಾರಕ್ಕೇ ಜಾಸ್ತಿ ಬೆಲೆ. 1950ರಲ್ಲಿ ಅದೇ ಜಾಗದಲ್ಲಿ ಕಟ್ಟಿದ ಸೇತುವೆಗೆ ಗಾಳಿ ತೂರಿ ಹೋಗುವಂಥ, ಸುಮಾರು 10 ಮೀಟರ್ ಎತ್ತರದ ಟ್ರಸ್, ಅಂದರೆ ಉಕ್ಕಿನ ಪಟ್ಟಿಗಳ ಜಾಲರಿ ಹಾಕಿದರು. 1966ರಲ್ಲಿ ಬ್ರಿಟನ್ನಿನ ಸೆವರ್ನ್ ಸೇತುವೆಗೆ ರಸ್ತೆ ಹೊರಲು ಅಂಚು ಚೂಪಾದ, ತೆಳುವಾದ ಉಕ್ಕಿನ ಪೆಟ್ಟಿಗೆ. ಜಪಾನಿನ ಆಕಾಶಿ ಕೈಕ್ಯೊ ಸೇತುವೆಗೆ ನೂರರಲ್ಲಿ ಒಂದು ಅಳತೆಯ ಇಡೀ ಮಾದರಿ ಮಾಡಿ ಗಾಳಿ ಸುರಂಗದಲ್ಲಿಟ್ಟು ನೋಡಿದರು.

ಇಷ್ಟೆಲ್ಲ ಗೊತ್ತಿದ್ದೂ 2020ರ ಮೇನಲ್ಲಿ ಚೀನಾದ ಹುಮೆನ್ ಸೇತುವೆ ಅಲೆಅಲೆಯಾಗಿ ಏಳತೊಡಗಿತು. ರಿಪೇರಿಗೆಂದು ರೇಲಿಂಗ್ ಉದ್ದಕ್ಕೂ ತಾತ್ಕಾಲಿಕ ತಡೆಗಳನ್ನು ಸಾಲಾಗಿ ಇಟ್ಟಿದ್ದರು, ಅಷ್ಟಕ್ಕೇ ಅಂಚಿನ ಆಕಾರ ಕೆಟ್ಟು ಸುಳಿಗಳು ಎದ್ದವು. ಸೇತುವೆ ಮುರಿಯಲಿಲ್ಲ. ತಡೆಗಳನ್ನು ತೆಗೆಸಿ, ಪರೀಕ್ಷೆ ಮಾಡಿ, ಆಮೇಲೆ ವಾಹನ ಬಿಟ್ಟರು.