ಇಳಿಯದೆ ಉಳಿದ ಕಾಲಿನ್ಸ್

ನಮ್ಮ ಗಡಿಯಾರದ ಪ್ರಕಾರ 1969ರ ಜುಲೈ 21ರ ಬೆಳಿಗ್ಗೆ ಎಂಟೂವರೆಗೆ ತುಸು ಮೊದಲು ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲಕ್ಕೆ ಕಾಲೂರಿದರು. ಆ ದೃಶ್ಯವನ್ನು ಭೂಮಿಯ ಮೇಲೆ ಕೋಟ್ಯಂತರ ಜನ ಟಿ.ವಿ.ಯಲ್ಲಿ ನೋಡಿದರು. ಅವರೆಲ್ಲರಿಗಿಂತ ಹತ್ತಿರದಲ್ಲಿ, ಸುಮಾರು 110 ಕಿಲೋಮೀಟರ್ ಎತ್ತರದಲ್ಲಿ ‘ಕೊಲಂಬಿಯಾ’ ನೌಕೆಯೊಳಗೆ ಸುತ್ತುತ್ತಿದ್ದ ಮೈಕೆಲ್ ಕಾಲಿನ್ಸ್ ಅವರಿಗೆ ಮಾತ್ರ ಅದನ್ನು ನೋಡಲು ಟಿ.ವಿ. ಇರಲಿಲ್ಲ. ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಇದ್ದ ‘ಈಗಲ್’ ಕಳಚಿಕೊಂಡು ಹೋದ ಮೇಲೆ, ಅದು ಮತ್ತೆ ಬಂದು ಕೂಡಿಕೊಳ್ಳುವವರೆಗೆ, ಸುಮಾರು 28 ಗಂಟೆ ಅವರು ಒಬ್ಬರೇ ಇದ್ದರು.

ಮೂವರೂ ಒಟ್ಟಿಗೆ ಇಳಿಯದಿರಲು ಕಾರಣ ತೂಕ. ಚಂದ್ರನ ಮೇಲಕ್ಕೆ ಇಳಿಸಿದ ಪ್ರತಿ ಕಿಲೋವನ್ನೂ ಇಳಿಸುವುದಕ್ಕೆ ಇಂಧನ ಬೇಕು, ಅಲ್ಲಿಂದ ಮತ್ತೆ ಎತ್ತುವುದಕ್ಕೂ ಬೇಕು. ಹಾಗಾಗಿ ಊರಿಗೆ ಮರಳಲು ಬೇಕಾದ ದೊಡ್ಡ ಎಂಜಿನ್, ಅದರ ಇಂಧನ, ವಾತಾವರಣದ ಬಿಸಿಯನ್ನು ತಡೆಯುವ ಕವಚ ಇವೆಲ್ಲವನ್ನೂ ಕಕ್ಷೆಯಲ್ಲೇ ಬಿಟ್ಟು, ಹಡಗನ್ನು ಆಳ ನೀರಿನಲ್ಲಿ ನಿಲ್ಲಿಸಿ ದೋಣಿಯಲ್ಲಿ ದಡಕ್ಕೆ ಹೋಗುವಂತೆ, ಹಗುರವಾದ ಲ್ಯಾಂಡರ್ ಒಂದನ್ನೇ ಕೆಳಗೆ ಕಳಿಸಿದರು. ಹಡಗು ಕಾಯಲು ಒಬ್ಬರು ಉಳಿಯಲೇಬೇಕಿತ್ತು.

ಕೊಲಂಬಿಯಾ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್ ವೇಗದಲ್ಲಿ ಎರಡು ಗಂಟೆಗೊಂದು ಸುತ್ತು ಮುಗಿಸುತ್ತಿತ್ತು. ರೇಡಿಯೊ ಅಲೆಗಳು ಚಂದ್ರನನ್ನು ತೂರಿ ಬರಲಾರವಾದ್ದರಿಂದ ಪ್ರತಿ ಸುತ್ತಿನಲ್ಲೂ ಸುಮಾರು 48 ನಿಮಿಷ ಭೂಮಿಯ ಮಾತು ಪೂರ್ತಿ ನಿಂತುಹೋಗುತ್ತಿತ್ತು. ಆದಮನ ನಂತರ ಇಂಥ ಒಂಟಿತನವನ್ನು ಕಂಡ ಮನುಷ್ಯ ಇನ್ನೊಬ್ಬನಿಲ್ಲ ಎಂದು ಆಗಲೇ ಬಣ್ಣಿಸಿದ್ದುಂಟು. ಕಾಲಿನ್ಸ್ ಇದನ್ನು ಒಪ್ಪಲಿಲ್ಲ. ಸೂರ್ಯನ ಬೆಳಕಾಗಲಿ ಭೂಮಿಯ ಬೆಳಕಾಗಲಿ ತಲುಪದ ಕಡೆಯಲ್ಲಿ ಕೆಳಗಿನ ಚಂದ್ರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಕ್ಷತ್ರಗಳಿಲ್ಲದ ಕಪ್ಪು ಜಾಗವೇ ಚಂದ್ರ ಎಂದು ತಿಳಿದುಕೊಳ್ಳಬೇಕಿತ್ತು. ಆ ಕತ್ತಲೆಯಲ್ಲಿ ತಮಗಾದದ್ದು ಭಯವಲ್ಲ, ಒಂದು ಬಗೆಯ ತೃಪ್ತಿ ಎಂದು ಅವರು ಮುಂದೆ ಬರೆದರು. ಅವರನ್ನು ನಂಬಬಹುದು ಎಂದು ನನಗನ್ನಿಸುತ್ತದೆ, ಏಕೆಂದರೆ ಕೈತುಂಬ ಕೆಲಸವಿತ್ತು, ಕುಡಿಯಲು ಬಿಸಿ ಕಾಫಿಯೂ ಇತ್ತು. ಒಮ್ಮೆ ತಂಪುಗೊಳಿಸುವ ದ್ರವದ ಉಷ್ಣತೆ ಇಳಿದಾಗ ನಿಯಂತ್ರಣ ಕೇಂದ್ರವು ಉದ್ದನೆಯ ದುರಸ್ತಿ ಕ್ರಮವೊಂದನ್ನು ಅನುಸರಿಸಲು ಹೇಳಿತು. ಕಾಲಿನ್ಸ್ ಸ್ವಿಚ್ಚನ್ನು ಸ್ವಯಂಚಾಲಿತದಿಂದ ಕೈಚಾಲಿತಕ್ಕೆ ತಿರುಗಿಸಿ, ಮತ್ತೆ ಮೊದಲಿನಂತೆಯೇ ಇಟ್ಟರು. ಅಷ್ಟರಲ್ಲೇ ಅದು ಸರಿಹೋಯಿತು. ನಮ್ಮ ಮನೆಗಳಲ್ಲಿ ಮೊಂಡುಬಿದ್ದ ಯಂತ್ರಕ್ಕೆ ಮಾಡುವ ಚಿಕಿತ್ಸೆಯೂ ಇದೇ ತಾನೆ!

ಅವರನ್ನು ಸತಾಯಿಸಿದ ಕೆಲಸ ಬೇರೆಯದು: ಈಗಲ್ ಎಲ್ಲಿದೆ ಎಂದು ಹುಡುಕುವುದು. ಅದು ಗುರಿಯನ್ನು ಕೆಲವು ಕಿಲೋಮೀಟರ್ ದಾಟಿ ಇಳಿದಿತ್ತು. ಎಲ್ಲಿ ಎಂಬುದು ಇಳಿದವರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕಾಲಿನ್ಸ್ ಕೈಯಲ್ಲಿದ್ದದ್ದು 28 ಪಟ್ಟು ದೊಡ್ಡದಾಗಿ ತೋರಿಸುವ ಸೆಕ್ಸ್‌ಟೆಂಟ್. ಕಾಲು ಚಾಚಿ ನಿಂತ ಈಗಲ್‌ನ ಅಗಲ ಒಂಬತ್ತು ಮೀಟರಿಗೆ ತುಸು ಹೆಚ್ಚು. ನೌಕೆ ನೆತ್ತಿಯ ಮೇಲೆ ಬಂದಾಗಲೂ ಅದು ಕಾಣುವುದು, ನಾಲ್ಕು ಕಿಲೋಮೀಟರ್ ದೂರದ ಸಣ್ಣ ಮನೆಯೊಂದು ಬರಿಗಣ್ಣಿಗೆ ಕಾಣುವಷ್ಟು. ಎಲ್ಲಿದೆಯೆಂದು ಗೊತ್ತಿದ್ದರೆ ಅದೇನೂ ಕಷ್ಟವಲ್ಲ. ಆದರೆ ಸೆಕ್ಸ್‌ಟೆಂಟ್‌ನ ನೋಟ ಬರೀ 1.8 ಡಿಗ್ರಿ, ಅಂದರೆ ನೆಲದ ಮೇಲೆ ಸುಮಾರು ಮೂರೂವರೆ ಕಿಲೋಮೀಟರ್ ಅಗಲದ ಒಂದು ವೃತ್ತ. ಪ್ರತಿ ಸುತ್ತಿಗೂ ಭೂಮಿಯಿಂದ ಹೊಸ ಅಂದಾಜು ಬರುತ್ತಿತ್ತು. ಸಿಕ್ಕುತ್ತಿದ್ದ ಕೆಲವೇ ನಿಮಿಷಗಳಲ್ಲಿ ಅವರು ಕುಳಿಗಳ ನಡುವೆ ಕಣ್ಣಾಡಿಸುತ್ತಿದ್ದರು, ಏನೂ ಕಾಣದೆ ಮುಂದೆ ಹೋಗುತ್ತಿದ್ದರು. ಈಗಲ್ ನೆಲದ ಮೇಲಿದ್ದಷ್ಟು ಹೊತ್ತೂ ಅದು ಅವರ ಕಣ್ಣಿಗೆ ಬೀಳಲೇ ಇಲ್ಲ. ನಾಲ್ಕು ತಿಂಗಳ ನಂತರದ ಚಂದ್ರಯಾತ್ರೆಯಾದ ಅಪೊಲೊ 12ರ ಲ್ಯಾಂಡರ್ ಹೇಳಿದ ಜಾಗಕ್ಕೇ ಇಳಿದದ್ದರಿಂದ, ಕಾಲಿನ್ಸ್ ಅವರಂತೆಯೇ ಕಕ್ಷೆಯಲ್ಲಿ ಉಳಿದಿದ್ದ ರಿಚರ್ಡ್ ಗಾರ್ಡನ್ ಅದೇ ಬಗೆಯ ಉಪಕರಣದಲ್ಲಿ ಅದನ್ನು ಕಂಡುಹಿಡಿದರು.

ಕಾಲಿನ್ಸ್ ಅವರನ್ನು ಕಾಡಿದ್ದ ಭಯ ಒಂದೇ. ಈಗಲ್‌ನ್ನು ಮೇಲಕ್ಕೆತ್ತುವ ಎಂಜಿನ್‌ಗೆ ಬದಲಿ ಇರಲಿಲ್ಲ. ಅದು ಹೊತ್ತಿಕೊಳ್ಳದಿದ್ದರೆ ಕಾಲಿನ್ಸ್ ಮಾಡಬಹುದಾದದ್ದು ಏನೂ ಇರಲಿಲ್ಲ. ಇಬ್ಬರನ್ನೂ ಅಲ್ಲೇ ಬಿಟ್ಟು ಒಬ್ಬರೇ ಭೂಮಿಗೆ ಮರಳಬೇಕಿತ್ತು. ಹೊತ್ತಿಕೊಂಡು ಅರ್ಧಂಬರ್ಧ ಮೇಲೆ ಬಂದರೆ ಮಾತ್ರ ದಾರಿಯುಂಟು: ಕೊಲಂಬಿಯಾವನ್ನು 15 ಕಿಲೋಮೀಟರ್ ಎತ್ತರದವರೆಗೆ ಇಳಿಸಿ ಹಿಡಿದುಕೊಳ್ಳಬಹುದು. ಈಗಲ್ ತಡವಾಗಿ ಹೊರಟರೆ, ಬೇಗ ಹೊರಟರೆ, ಓರೆಯಾಗಿ ಏರಿದರೆ ಏನು ಮಾಡಬೇಕು ಎಂದು ಇಂಥ 18 ಸಂದರ್ಭಗಳನ್ನು ಅವರು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದರು. ಈಗಲ್ ಏರುವ ಹೊತ್ತಿಗೆ ಆ ಪುಸ್ತಕ ಅವರ ಕೊರಳಿನಲ್ಲಿ ನೇತಾಡುತ್ತಿತ್ತು.

ಎಂಜಿನ್ ಏಳು ನಿಮಿಷ ಸರಿಯಾಗಿಯೇ ಉರಿಯಿತು. ನೆಲದ ಮೇಲೆ ಸಿಗದ ಈಗಲ್ ಕೊನೆಗೆ ಒಂದು ಚುಕ್ಕೆಯಾಗಿ ಕಾಣಿಸಿ ಹತ್ತಿರ ಬಂದಿತು. ಅದರ ಹಿಂದೆ ಭೂಮಿ ಉದಯಿಸುತ್ತಿದ್ದಾಗ ಕಾಲಿನ್ಸ್ ಕ್ಯಾಮೆರಾ ಹಿಡಿದರು. ಬದುಕಿದ್ದ ಮನುಷ್ಯರೆಲ್ಲರೂ ಆ ಚಿತ್ರದ ಚೌಕಟ್ಟಿನ ಒಳಗಿದ್ದರು, ತೆಗೆದವರೊಬ್ಬರನ್ನು ಬಿಟ್ಟು. ಎರಡೂ ನೌಕೆಗಳು ಕೂಡಿಕೊಂಡವು, ಬಾಗಿಲು ತೆರೆಯಿತು. ಮೊದಲು ಒಳಬಂದ ಆಲ್ಡ್ರಿನ್ ಅವರ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ಹಣೆಗೆ ಮುತ್ತಿಡಲು ಹೋದ ಕಾಲಿನ್ಸ್, ಅದೇಕೋ ಸಂಕೋಚವಾಗಿ, ಕೈಕುಲುಕಿ ಸುಮ್ಮನಾದರು.