ಆರ್‌ಎನ್‌ಎ ಎಡಿಟಿಂಗ್ ಟಿಪ್ಪಣಿ: ಎ ಹೋಗಿ ಜಿ, ಕೆಲವೊಮ್ಮೆ ಟಿ ಹೋಗಿ ಸಿ

ಆರ್‌ಎನ್‌ಎ ಎಡಿಟಿಂಗ್ ಅಂದರೆ ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎಯ ಅಕ್ಷರಗಳನ್ನು ಜೀವಕೋಶವೇ ತಿದ್ದುವುದು. ಇದರ ಮೇಲೆ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್ ಸರಣಿಯಲ್ಲಿ ಪ್ರತ್ಯೇಕ ಸಭೆಯೇ ನಡೆಯುತ್ತದೆ. ಅಲ್ಲಿ ಭಾಷಣಗಳನ್ನು ರೆಕಾರ್ಡ್ ಮಾಡುವಂತಿಲ್ಲ, ಕೇಳಿದ್ದನ್ನು ಹೊರಗೆ ಉಲ್ಲೇಖಿಸುವಂತೆಯೂ ಇಲ್ಲ. ಹಾಗಾಗಿ ನಮ್ಮಂಥವರಿಗೆ ಪ್ರಕಟವಾದ ಪೇಪರ್‌ಗಳೇ ಗತಿ. ಅವನ್ನು ಓದುವಾಗ ಎಲ್ಲರೂ ಎಡವುವ ಒಂದು ಜಾಗ ಇದೆ: ನಿಜವಾಗಿ ಆದ ಬದಲಾವಣೆ ಒಂದು, ಡೇಟಾದಲ್ಲಿ ಕಾಣುವ ಅಕ್ಷರ ಇನ್ನೊಂದು. ಈ ಟಿಪ್ಪಣಿ ಹೆಚ್ಚುಕಡಿಮೆ ಪೂರ್ತಿ ಅದರ ಬಗ್ಗೆಯೇ. ಕೋಡಾನ್ ಅಂದರೆ ಪ್ರೋಟೀನ್‌ನ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಅಕ್ಷರ, ಅದಕ್ಕಿಂತ ಹೆಚ್ಚು ವಿವರಿಸಲು ಹೋಗಿಲ್ಲ.

ಚರಿತ್ರೆ ಸುಮ್ನೆ ಎರಡು ಮಾತು. 1986ರಲ್ಲಿ ರಾಬ್ ಬೆನ್ನೆ ಮತ್ತು ಸಂಗಡಿಗರು ಟ್ರಿಪನೋಸೋಮ್ ಎಂಬ ಪರಾವಲಂಬಿಯ ಮೈಟೋಕಾಂಡ್ರಿಯಾದಲ್ಲಿ, ಡಿಎನ್‌ಎಯಲ್ಲಿ ಇಲ್ಲದ ನಾಲ್ಕು ಯು ಅಕ್ಷರಗಳು ಆರ್‌ಎನ್‌ಎಯಲ್ಲಿ ಇರುವುದನ್ನು ಕಂಡರು. ಮರುವರ್ಷ, ರಕ್ತದಲ್ಲಿ ಕೊಬ್ಬು ಸಾಗಿಸುವ ಪ್ರೋಟೀನಿನ ಅಪೊಬಿ ಜೀನ್‌ನ ಸರದಿ. ಕರುಳಿನಲ್ಲಿ ಅದರ ಸಿಎಎ ಕೋಡಾನ್ ಯುಎಎ ಆಗುತ್ತದೆ, ಅಂದರೆ ಸ್ಟಾಪ್, ಪ್ರೋಟೀನ್ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಲಿವರ್‌ನಲ್ಲಿ ಉದ್ದನೆಯ ಅಪೊಬಿ-100, ಕರುಳಿನಲ್ಲಿ ಗಿಡ್ಡ ಅಪೊಬಿ-48.

ಈಗ ಅಸಲಿ ವಿಷಯ. ಅಡಾರ್ ಕಿಣ್ವಗಳು ಎರಡೆಳೆಯಾಗಿ ಮಡಚಿಕೊಂಡ ಆರ್‌ಎನ್‌ಎಯನ್ನು ಹಿಡಿದು, ಅದರ ಅಡೆನೋಸಿನ್ ಅನ್ನು ಇನೋಸಿನ್ ಮಾಡುತ್ತವೆ. ಎ ಹೋಗಿ ಐ ಬಂತು. ಆದರೆ ಸೀಕ್ವೆನ್ಸಿಂಗ್ ಡೇಟಾ ತೆರೆದರೆ ಅಲ್ಲಿ ಐ ಅಕ್ಷರವೇ ಇರುವುದಿಲ್ಲ, ಜಿ ಇರುತ್ತದೆ. ಎಲ್ಲಿಂದ ಬಂತು?

ಮಿದುಳಿನ ಗ್ಲುಎ2 ಜೀನ್ ತಗೊಳ್ಳಿ, ನರಕೋಶದ ಒಂದು ಚಾನೆಲ್‌ನ ಭಾಗ ಇದರಿಂದ ಬರುತ್ತದೆ. ಕೋಡಾನ್ ಸಿಎಜಿ, ಅಂದರೆ ಗ್ಲುಟಮಿನ್ ಎಂಬ ಅಮೈನೋ ಆಮ್ಲ. ಎಡಿಟ್ ಆದ ಮೇಲೆ ಸಿಐಜಿ. ಸೀಕ್ವೆನ್ಸ್ ಮಾಡಲು ಮೊದಲು ಆರ್‌ಎನ್‌ಎಗೆ ಡಿಎನ್‌ಎ ಪ್ರತಿ ಮಾಡಬೇಕಲ್ವಾ? ಎ ಇದ್ದಿದ್ದರೆ ಅದರ ಎದುರು ಟಿ ಕೂರುತ್ತಿತ್ತು. ಇನೋಸಿನ್ ಜೋಡಿಯಾಗುವುದು ಸಿ ಜೊತೆ, ಹಾಗಾಗಿ ಎದುರಿಗೆ ಸಿ ಕೂತಿತು. ಆ ಸಿ ಎದುರು ಎರಡನೇ ಎಳೆ ಕಟ್ಟುವಾಗ ಬರುವುದು ಜಿ. ಹೀಗೆ ಸಿಎಜಿ ಇದ್ದದ್ದು ಸಿಜಿಜಿ ಆಗಿ ಕಾಣುತ್ತದೆ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಕೂಡ ಅದನ್ನು ಸಿಜಿಜಿ ಅಂತಲೇ ಓದಿ ಆರ್ಜಿನಿನ್ ಹಾಕುತ್ತದೆ. ಆ ಒಂದು ಆರ್ಜಿನಿನ್ ಇದ್ದರೆ ಚಾನೆಲ್ ಒಳಗೆ ಕ್ಯಾಲ್ಸಿಯಂ ನುಗ್ಗುವುದಿಲ್ಲ. ಅಡಾರ್2 ಇಲ್ಲದ ಇಲಿಮರಿಗಳು ಫಿಟ್ಸ್ ಬಂದು ಕೆಲವೇ ವಾರಗಳಲ್ಲಿ ಸಾಯುತ್ತವೆ. ಆ ಇಲಿಗಳ ಡಿಎನ್‌ಎಯಲ್ಲೇ ಮೊದಲೇ ಜಿ ಬರೆದಿಟ್ಟರೆ ಬದುಕುತ್ತವೆ. ನನಗೆ ಈ ಇಡೀ ಕ್ಷೇತ್ರದಲ್ಲೇ ಇಷ್ಟವಾದ ಪ್ರಯೋಗ ಇದು, ಸಾವಿರಾರು ಎಡಿಟಿಂಗ್ ಜಾಗಗಳ ನಡುವೆ ಇದೊಂದನ್ನು ಸರಿಮಾಡಿದರೆ ಸಾಕು ಅಂತ ಅಷ್ಟು ನೇರವಾಗಿ ತೋರಿಸಿಬಿಟ್ಟಿತು.

ಇಲ್ಲಿವರೆಗೆ ಸರಿ. ಪೇಪರ್‌ನ ಮುಂದಿನ ಟೇಬಲ್‌ನಲ್ಲಿ ಎ-ಜಿ ಪಕ್ಕದಲ್ಲೇ ಟಿ-ಸಿ ಕೂಡ ಅಷ್ಟೇ ಜಾಸ್ತಿ ಇರುತ್ತದೆ. ಇದು ಬೇರೆ ಕಿಣ್ವದ ಕೆಲಸ ಅಲ್ಲ! ಜೀನೋಮ್ ನಕ್ಷೆಯಲ್ಲಿ ಬರೆಯುವುದು ಒಂದೇ ಎಳೆಯನ್ನು. ಜೀನ್ ಇರುವುದು ಎದುರು ಎಳೆಯಲ್ಲಾದರೆ ಅದರ ಎ ನಕ್ಷೆಯಲ್ಲಿ ಟಿ, ಅದರ ಜಿ ನಕ್ಷೆಯಲ್ಲಿ ಸಿ. ನನ್ನ ಉಪಾಯ ಇಷ್ಟೇ: ಯಾವ ಬದಲಾವಣೆ ಕಂಡರೂ ಎರಡೂ ಅಕ್ಷರಗಳ ಜೋಡಿಯನ್ನು ಕೆಳಗೆ ಬರೆದುಕೊಳ್ಳಿ. ಎ-ಜಿ ಕೆಳಗೆ ಟಿ-ಸಿ, ಎರಡೂ ಅಡಾರ್. ಸಿ-ಟಿ ಕೆಳಗೆ ಜಿ-ಎ, ಇದು ಅಪೊಬಿಯಲ್ಲಿ ಆದ ಥರದ್ದು (ಆರ್‌ಎನ್‌ಎಯ ಯು ಡಿಎನ್‌ಎ ಬರವಣಿಗೆಯಲ್ಲಿ ಟಿ). ಆಮೇಲೆ ಅದೇ ವ್ಯಕ್ತಿಯ ಡಿಎನ್‌ಎ ನೋಡಿ. ಅಲ್ಲೂ ಜಿ ಇದ್ದರೆ ಅದು ಎಡಿಟಿಂಗ್ ಅಲ್ಲ, ಹುಟ್ಟಿನಿಂದ ಬಂದ ವ್ಯತ್ಯಾಸ.

ಇದು ಔಷಧದ ಪೇಪರ್‌ಗಳಲ್ಲೂ ಕಾಡುತ್ತದೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಎಂಬ ಆನುವಂಶಿಕ ಕಾಯಿಲೆಯಲ್ಲಿ ಜಿಎಜಿ ಕೋಡಾನ್ ಎಎಜಿ ಆಗಿ, ಗ್ಲುಟಮೇಟ್ ಇರಬೇಕಾದ ಕಡೆ ಲೈಸಿನ್ ಬರುತ್ತದೆ. ಕೆಟ್ಟ ಪ್ರೋಟೀನ್ ಲಿವರ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಶ್ವಾಸಕೋಶಕ್ಕೆ ಕಾವಲು ಇಲ್ಲದಂತಾಗುತ್ತದೆ. ಪೇಪರ್‌ನಲ್ಲಿ ಜಿ-ಎ ಅಂತ ಓದಿ ಡೇಟಾಬೇಸ್‌ಗೆ ಹೋದರೆ ಸಿ-ಟಿ ಅಂತಿರುತ್ತದೆ. ಈ ಜೀನ್ ಎದುರು ಎಳೆಯಲ್ಲಿದೆ, ಅಷ್ಟೇ. ಸ್ಥಾನ ಕೂಡ ಹಳೇ ಪೇಪರ್‌ಗಳಲ್ಲಿ 342, ಹೊಸ ಎಣಿಕೆಯಲ್ಲಿ 366. ಆರಂಭದ 24 ಅಮೈನೋ ಆಮ್ಲಗಳ ಸಿಗ್ನಲ್ ತುಂಡನ್ನು ಈಗ ಸೇರಿಸಿ ಎಣಿಸುತ್ತಾರೆ.

ಆರ್‌ಎನ್‌ಎಯಲ್ಲಿ ಆ ಎಎಜಿಯ ಮೊದಲ ಎ ಅನ್ನು ಐ ಮಾಡಿದರೆ ರೈಬೋಸೋಮ್ ಜಿಎಜಿ ಅಂತ ಓದುತ್ತದೆ. ವೇವ್ ಲೈಫ್ ಸೈನ್ಸಸ್ ಕಂಪನಿ ಗಿಡ್ಡದೊಂದು ಆಲಿಗೋ (ಆ ಆರ್‌ಎನ್‌ಎಗೆ ಹೋಗಿ ಜೋಡಿಯಾಗುವ ಚಿಕ್ಕ ಎಳೆ) ಕೊಟ್ಟು, ಲಿವರ್‌ನ ಸ್ವಂತ ಅಡಾರ್‌ನಿಂದಲೇ ಈ ಕೆಲಸ ಮಾಡಿಸಿತು. ರೋಗಿಗಳ ರಕ್ತದಲ್ಲಿ ಸರಿಯಾದ ಪ್ರೋಟೀನ್ ಕಾಣಿಸಿದೆ ಅಂತ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಡಿಎನ್‌ಎ ಹಾಗೇ ಇರುವುದರಿಂದ ಔಷಧ ಮತ್ತೆ ಮತ್ತೆ ಕೊಡಬೇಕು. ಎಡವಟ್ಟಾದರೆ ನಿಲ್ಲಿಸಲೂಬಹುದು.

ಅಡಾರ್1 ಬಗ್ಗೆ ಚಿಕ್ಕದಾಗಿ: ನಮ್ಮದೇ ಎರಡೆಳೆ ಆರ್‌ಎನ್‌ಎಯನ್ನು ಎಂಡಿಎ5 ಎಂಬ ಸಂವೇದಕ ವೈರಸ್ ಅಂತ ತಿಳಿಯದ ಹಾಗೆ ಇದು ನೋಡಿಕೊಳ್ಳುತ್ತದೆ. ಇದು ಕೆಟ್ಟರೆ ಮಕ್ಕಳಲ್ಲಿ ಐಕಾರ್ಡಿ-ಗುಟಿಯೇರ್ ಸಿಂಡ್ರೋಮ್ ಎಂಬ ಅಪರೂಪದ ಉರಿಯೂತದ ಕಾಯಿಲೆ ಬರಬಹುದು.

ಹಾಗಾದರೆ ಸಿಕಲ್ ಸೆಲ್‌ಗೂ ಅಡಾರ್‌ನಿಂದ ತಿದ್ದಿಸುವ ಇದೇ ದಾರಿ ಆಗಬಹುದಾ? ಆ ಕೋಡಾನನ್ನೇ ತಿದ್ದಿ ಅಂದರೆ ಅಡಾರ್‌ನಿಂದ ಆಗಲ್ಲ. ಅಲ್ಲಿ ಜಿಎಜಿ ಇದ್ದದ್ದು ಜಿಟಿಜಿ ಆಗಿದೆ, ಆರ್‌ಎನ್‌ಎಯಲ್ಲಿ ಜಿಯುಜಿ. ಹಿಡಿಯಲು ಎ ಇಲ್ಲ.