ಬಂಡೆ ಬಿರಿಯುವ ಮೊದಲು

ವಿಜಯಪುರ ಜಿಲ್ಲೆಯಲ್ಲಿ 2021ರಿಂದೀಚೆಗೆ ನೆಲ ಹಲವು ಸಲ ನಡುಗಿದೆ. ಹಾಗೆ ನಡುಗಿದಾಗಲೆಲ್ಲ ಮೊಬೈಲಿನಲ್ಲಿ ಒಂದು ಸುದ್ದಿ ಹರಿದಾಡುತ್ತದೆ: ಇಂದು ರಾತ್ರಿ ಇಷ್ಟು ಗಂಟೆಗೆ ಇನ್ನೂ ದೊಡ್ಡದು ಬರಲಿದೆ. ದಯವಿಟ್ಟು ನಂಬಬೇಡಿ. ಗಂಟೆ ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. ಆದರೆ ಬಂಡೆ ಒಡೆಯುವ ಮುನ್ನ ಸುಳಿವು ಕೊಡುತ್ತದೆ ಎಂಬುದು ಮಾತ್ರ ನಿಜ.

ಪ್ರಯೋಗಾಲಯದಲ್ಲಿ ಗ್ರಾನೈಟ್ ತುಂಡೊಂದನ್ನು ಯಂತ್ರದಲ್ಲಿಟ್ಟು ಒತ್ತಡ ಹೆಚ್ಚಿಸುತ್ತ ಹೋದರೆ ಅದು ಒಮ್ಮೆಲೇ ಸೀಳುವುದಿಲ್ಲ. ಮೊದಲು ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಒಂದೊಂದು ಬಿರುಕಿಗೂ ಒಂದು ಸಣ್ಣ ಸದ್ದು. ಕಲ್ಲಿಗೆ ಅಂಟಿಸಿದ ಸಂವೇದಕ ಅದನ್ನು ಹಿಡಿಯುತ್ತದೆ. ಬಿರುಕುಗಳು ಬಾಯಿ ಬಿಟ್ಟಂತೆ ಕಲ್ಲು ಉಬ್ಬುತ್ತದೆ, ಅದರೊಳಗೆ ಸಾಗುವ ಅಲೆಗಳ ವೇಗ ತಗ್ಗುತ್ತದೆ. ಒಡೆಯುವ ಹೊತ್ತು ಸಮೀಪಿಸಿದಾಗ ಸದ್ದುಗಳು ಒತ್ತೊತ್ತಾಗಿ ಬರುತ್ತವೆ. ನೆಲದಡಿಯಲ್ಲೂ ಹೀಗೇ ಆಗುವುದಾದರೆ ಬಾವಿಯ ನೀರು ಏರಿಳಿಯಬೇಕು, ಕಲ್ಲಿನಲ್ಲಿರುವ ರೇಡಾನ್ ಅನಿಲ ಹೊರಬರಬೇಕು. 1970ರ ದಶಕದ ವಿಜ್ಞಾನಿಗಳು ಇದರ ಮೇಲೆ ದೊಡ್ಡ ಆಸೆ ಇಟ್ಟಿದ್ದರು.

1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಸಾಲುಸಾಲು ಸಣ್ಣ ಕಂಪನಗಳನ್ನು ಗಮನಿಸಿ ಜನರನ್ನು ಮನೆಯಿಂದ ಹೊರಡಿಸಿದರು. ದೊಡ್ಡ ಭೂಕಂಪ ಬಂದೇಬಿಟ್ಟಿತು. ಮರುವರ್ಷ ತಾಂಗ್‌ಶಾನ್‌ನಲ್ಲಿ ಅಂಥ ಮುನ್ಸೂಚನೆ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ನಮಗೆ ಹತ್ತಿರದ, ಮಹಾರಾಷ್ಟ್ರದ ಕಿಲ್ಲಾರಿಯ ಕಥೆ ಇನ್ನೂ ಕಾಡುತ್ತದೆ. ಅಲ್ಲಿ 1992ರಲ್ಲೇ ಸಣ್ಣ ಕಂಪನಗಳು ಮೇಲಿಂದ ಮೇಲೆ ಬಂದು ನಿಂತುಹೋಗಿದ್ದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಭೂಕಂಪ ಬಂತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು, ಸತ್ತವರು ಸಾವಿರಾರು. ಹಾಗೆಂದು ಪ್ರತಿ ಸಣ್ಣ ಕಂಪನದ ಹಿಂದೆ ದೊಡ್ಡದೊಂದು ಕಾದಿದೆ ಎಂದಲ್ಲ. ಬಹುತೇಕ ಸರಣಿಗಳು ತಾವಾಗಿಯೇ ತಣ್ಣಗಾಗುತ್ತವೆ. ಯಾವುದು ಮುನ್ಕಂಪನ, ಯಾವುದಲ್ಲ ಎಂಬುದು ದೊಡ್ಡದು ಬಂದ ಮೇಲೆಯೇ ಗೊತ್ತಾಗುತ್ತದೆ. ಬಾವಿಯನ್ನು ನೋಡಿ ತಿಳಿಯೋಣವೆಂದರೆ ಮಳೆಗೂ ನೀರು ಏರುತ್ತದೆ, ಪಂಪು ಓಡಿದರೂ ಇಳಿಯುತ್ತದೆ.

ಪ್ರಯೋಗಾಲಯದಲ್ಲಿ ಕಲ್ಲಿನ ಮೇಲೆ ಎಷ್ಟು ಒತ್ತಡವಿದೆ ಎಂಬುದು ಗೊತ್ತಿರುತ್ತದೆ. ಕಿಲೋಮೀಟರುಗಟ್ಟಲೆ ಆಳದ ಬಂಡೆಯ ವಿಷಯದಲ್ಲಿ ಆ ಲೆಕ್ಕವೇ ಸಿಗುವುದಿಲ್ಲ. ಅದಕ್ಕಾಗಿಯೇ ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ ಮೂರು ಕಿಲೋಮೀಟರ್ ಆಳಕ್ಕೆ ಕೊರೆದಿದ್ದಾರೆ. ಜಲಾಶಯ ತುಂಬತೊಡಗಿದ 1960ರ ದಶಕದಿಂದ ಅಲ್ಲಿ ಒಂದು ಚಿಕ್ಕ ಪ್ರದೇಶದೊಳಗೇ ಮತ್ತೆ ಮತ್ತೆ ಭೂಮಿ ಕಂಪಿಸುತ್ತಿದೆ. ಕಾದು ನೋಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಮ್ಮ ಜಿಲ್ಲೆಯಲ್ಲೂ ಕಾಣುವ ಅದೇ ಕಪ್ಪು ಬಸಾಲ್ಟ್ ಕಲ್ಲು ಅಲ್ಲಿ ಸುಮಾರು ಒಂದು ಕಿಲೋಮೀಟರ್ ದಪ್ಪವಿದೆ. ಅದರ ಕೆಳಗಿನ ಹಳೆಯ ಬಂಡೆಯ ಒತ್ತಡ, ಬಿಸಿ, ಬಿರುಕಿನೊಳಗಿನ ನೀರು ಎಲ್ಲವನ್ನೂ ಈಗ ಭೂಕಂಪ ಹುಟ್ಟುವ ಜಾಗದ ಸಮೀಪಕ್ಕೇ ಹೋಗಿ ಅಳೆಯಬಹುದು.